ಜೋನ್ಸ್, ಡಯಾನಾ ವಿನ್

ಜೋನ್ಸ್, ಡಯಾನಾ ವಿನ್ (1934–2011): ಇಂಗ್ಲೆಂಡಿನ ಮಕ್ಕಳ ಕಾದಂಬರಿಕಾರ್ತಿ. ಫ್ಯಾಂಟಸಿ ಎಂದು ಈಗ ಎಲ್ಲರೂ ಕರೆಯುವ ಅದ್ಭುತ ಕಥಾಪ್ರಕಾರದ ಪ್ರಮುಖ ಲೇಖಕರಲ್ಲಿ ಒಬ್ಬರು. 1970ರಿಂದ ಸುಮಾರು ನಾಲ್ಕು ದಶಕ ಬಿಡುವಿಲ್ಲದೆ ಬರೆದು ಮೂವತ್ತಕ್ಕೂ ಹೆಚ್ಚು ಪುಸ್ತಕ ಪ್ರಕಟಿಸಿದರು. ನಮ್ಮಲ್ಲಿ ಬಹಳ ಮಂದಿಗೆ ಈಕೆಯ ಹೆಸರಿಗಿಂತ ಮೊದಲು ಪರಿಚಯವಾದದ್ದು ಈಕೆಯ ಕಥೆ. ಹಯಾವೊ ಮಿಯಾಜಾಕಿ 2004ರಲ್ಲಿ ತೆಗೆದ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಎಂಬ ಜಪಾನಿ ಅನಿಮೇಷನ್ ಚಿತ್ರಕ್ಕೆ ಮೂಲ ಜೋನ್ಸ್‌ರ ಅದೇ ಹೆಸರಿನ ಕಾದಂಬರಿ. ಚಿತ್ರ ನೋಡಿ ಮೂಲವನ್ನು ಹುಡುಕಿಕೊಂಡು ಹೋದವರಿಗೆ ಅಲ್ಲಿ ಸಿಕ್ಕಿದ್ದು ಬೇರೆಯೇ ಸ್ವಭಾವದ ಪುಸ್ತಕ: ಹೆಚ್ಚು ತಮಾಷೆಯದು, ಹೆಚ್ಚು ಒರಟು, ಮನೆಮಂದಿಯ ಜಗಳವೇ ತುಂಬಿದ್ದು.

ಈ ಜಗಳವೇ ಜೋನ್ಸ್‌ರ ಬರವಣಿಗೆಯ ಬೀಜ. ರಾಜ್ಯ ಗೆಲ್ಲುವ ವೀರ, ಕತ್ತಲ ದೊರೆ, ಕಳೆದುಹೋದ ಖಡ್ಗ ಇವೆಲ್ಲ ಇವರಲ್ಲೂ ಬರುತ್ತವೆ, ಆದರೆ ಬಹುಪಾಲು ಗೇಲಿಗೆ ಗುರಿಯಾಗಲು. ಇವರ ಮಾಯೆ ಶುರುವಾಗುವುದು ಅಡುಗೆಮನೆಯಲ್ಲಿ, ಊಟದ ಮೇಜಿನ ಸುತ್ತ, ಅಕ್ಕ ತಮ್ಮನನ್ನು ಬಳಸಿಕೊಳ್ಳುವ ರೀತಿಯಲ್ಲಿ, ಹೆತ್ತವರು ಮಕ್ಕಳನ್ನು ಮರೆತುಬಿಡುವ ಸಂಜೆಗಳಲ್ಲಿ. ದೊಡ್ಡವರು ‘ನಿನ್ನ ಒಳ್ಳೆಯದಕ್ಕೇ’ ಎಂದು ಹೇಳುವ ಮಾತಿನ ಹಿಂದೆ ಏನಿದೆ ಎಂಬುದನ್ನು ಮಗು ಕಂಡುಕೊಳ್ಳುವುದೇ ಇವರ ಹೆಚ್ಚಿನ ಕಾದಂಬರಿಗಳ ನಿಜವಾದ ಸಾಹಸ. ಮಂತ್ರಶಕ್ತಿ ಕೈಗೆ ಬರುವುದು ಆಮೇಲೆ.

ಬಾಲ್ಯ

ಹುಟ್ಟಿದ್ದು 1934ರ ಆಗಸ್ಟ್ 16ರಂದು, ಲಂಡನ್ನಿನಲ್ಲಿ. ತಂದೆ ತಾಯಿ ಇಬ್ಬರೂ ಶಿಕ್ಷಕರು. ತಂದೆಯ ಕಡೆಯವರು ವೇಲ್ಸ್‌ನವರು. ಡಯಾನಾಗೆ ಐದು ತುಂಬಿದ ಕೆಲವೇ ದಿನಗಳಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಐದನೆಯ ವಯಸ್ಸಿಗೆ ಲೋಕಕ್ಕೆ ಹುಚ್ಚು ಹಿಡಿದದ್ದನ್ನು ಕಂಡದ್ದರಿಂದಲೇ ತಾನು ಇಂಥ ಪುಸ್ತಕಗಳನ್ನು ಬರೆಯುವವಳಾದೆ ಎಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ. ಬಾಂಬಿನ ಭಯಕ್ಕೆ ಮಕ್ಕಳನ್ನು ಲಂಡನ್ನಿನಿಂದ ಸಾಗಿಸಿ ಮೊದಲು ಕಳಿಸಿದ್ದು ವೇಲ್ಸ್‌ನ ತಾತನ ಮನೆಗೆ. ತಾತ ಚರ್ಚಿನ ಬೋಧಕ. ವೇದಿಕೆಯ ಮೇಲೆ ನಿಂತು ವೆಲ್ಷ್ ಭಾಷೆಯಲ್ಲಿ ಆತ ಗುಡುಗುತ್ತಿದ್ದರೆ ಮೊಮ್ಮಗಳಿಗೆ ಅರ್ಥವಾಗುತ್ತಿದ್ದದ್ದು ಬರೀ ನಾದ. ಆ ನಾದ ಕನಸಿನಲ್ಲೂ ಬರುತ್ತಿತ್ತಂತೆ.

ಅಲ್ಲಿಂದ ಇಂಗ್ಲೆಂಡಿನ ಉತ್ತರದ ಲೇಕ್ ಡಿಸ್ಟ್ರಿಕ್ಟ್‌ಗೆ, ಕಾನಿಸ್ಟನ್ ಸರೋವರದ ದಂಡೆಯ ಒಂದು ದೊಡ್ಡ ಮನೆಗೆ. ಹಿಂದೊಮ್ಮೆ ಕಲಾವಿಮರ್ಶಕ ಜಾನ್ ರಸ್ಕಿನ್‌ರ ಕಾರ್ಯದರ್ಶಿ ಇದ್ದ ಮನೆ ಅದು. ಯುದ್ಧಕಾಲ, ಕಾಗದಕ್ಕೆ ಬರ. ಬರೆಯಲು ಹಾಳೆ ಹುಡುಕುತ್ತ ಹುಡುಗಿಗೆ ಅಟ್ಟದ ಮೇಲೆ ಒಂದು ಕಟ್ಟು ದಪ್ಪ ಕಾಗದ ಸಿಕ್ಕಿತು. ಒಂದೊಂದು ಹಾಳೆಯ ಮೇಲೂ ಯಾರೋ ಹೂವಿನ ಚಿತ್ರ ಬರೆದಿದ್ದರು. ಹೂವು ತನಗೇಕೆ, ತನಗೆ ಬೇಕಾದ್ದು ಕಾಗದ ಎಂದು ರಬ್ಬರ್ ತೆಗೆದುಕೊಂಡು ಒಂದೊಂದೇ ಹಾಳೆಯನ್ನು ಶ್ರದ್ಧೆಯಿಂದ ಉಜ್ಜಿ ಬಿಳಿ ಮಾಡಿದಳು. ಸಿಕ್ಕಿಬಿದ್ದಾಗ ಶಿಕ್ಷೆಯಾಯಿತು. ಆ ಹೂಗಳನ್ನು ಬರೆದವರು ರಸ್ಕಿನ್ ಎಂದು ಗೊತ್ತಾದದ್ದು ಬಹಳ ತಡವಾಗಿ.

ಅದೇ ಊರಿನಲ್ಲಿ ಆಕೆಗೆ ಇಬ್ಬರು ಲೇಖಕರ ‘ದರ್ಶನ’ವೂ ಆಯಿತು. ಸರೋವರದಲ್ಲಿ ದೋಣಿ ನಿಲ್ಲಿಸಿಕೊಂಡಿದ್ದ ಆರ್ಥರ್ ರ‍್ಯಾನ್ಸಮ್, ದಡದಲ್ಲಿ ಮಕ್ಕಳ ಗಲಾಟೆ ಜಾಸ್ತಿಯಾಯಿತೆಂದು ದೂರು ಹೇಳಲು ಬಂದರು. ಮಕ್ಕಳ ರಜಾದಿನದ ಸಾಹಸಗಳನ್ನೇ ಬರೆದು ಹೆಸರಾದವರು ಅವರು. ಆ ಕಥೆಗಳ ಮಕ್ಕಳಿಗೆ ಮಾದರಿಯಾದ ನಿಜವಾದ ಮಕ್ಕಳು ಹಿಂದೆ ಇದ್ದದ್ದು ಇದೇ ಮನೆಯಲ್ಲಿ. ಇನ್ನೊಬ್ಬರು ಪೀಟರ್ ಮೊಲದ ಕಥೆಯ ಬಿಯಾಟ್ರಿಕ್ಸ್ ಪಾಟರ್. ತಮ್ಮ ಗೇಟಿನ ಮೇಲೆ ಕಾಲಿಟ್ಟು ನಿಂತಿದ್ದ ಡಯಾನಾಳ ತಂಗಿಗೂ ಜೊತೆಯ ಹುಡುಗಿಗೂ ಅವರು ಏಟು ಕೊಟ್ಟು ಓಡಿಸಿದರು. ಪುಸ್ತಕಗಳನ್ನು ಬರೆಯುವವರು ನಿಜವಾದ ಮನುಷ್ಯರು, ಅವರಿಗೆ ಮಕ್ಕಳನ್ನು ಕಂಡರೆ ಆಗುವುದಿಲ್ಲ: ಎರಡೂ ಪಾಠ ಆಕೆಗೆ ಒಟ್ಟಿಗೇ ಸಿಕ್ಕವು.

1943ರಲ್ಲಿ ಕುಟುಂಬ ಎಸೆಕ್ಸ್‌ನ ಥ್ಯಾಕ್ಸ್‌ಟೆಡ್ ಎಂಬ ಹಳ್ಳಿಯಂಥ ಊರಿಗೆ ಬಂತು. ಅಲ್ಲಿ ತಂದೆ ತಾಯಿ ಶೈಕ್ಷಣಿಕ ಸಮಾವೇಶಗಳ ಒಂದು ಕೇಂದ್ರವನ್ನು ನಡೆಸಲು ಹೊಣೆ ಹೊತ್ತಿದ್ದರು. ದೊಡ್ಡ ಮನೆ ಅತಿಥಿಗಳಿಗೆ. ಡಯಾನಾ, ಇಸಬೆಲ್, ಅರ್ಸುಲಾ ಈ ಮೂವರು ಹೆಣ್ಣುಮಕ್ಕಳಿಗೆ ಅಂಗಳದಾಚೆ, ಚಳಿಗೆ ಬೆಂಕಿಯ ಅನುಕೂಲವೂ ಇಲ್ಲದ ಒಂದು ಹೊರಮನೆ. ಊರಿನ ಮಕ್ಕಳ ಶಿಕ್ಷಣವನ್ನೆಲ್ಲ ಯೋಚಿಸುತ್ತಿದ್ದ ದಂಪತಿಗೆ ತಮ್ಮ ಮಕ್ಕಳು ತಲೆ ಬಾಚಿದ್ದಾರೆಯೇ, ಉಂಡಿದ್ದಾರೆಯೇ ಎಂದು ನೋಡಲು ಪುರಸೊತ್ತಿರಲಿಲ್ಲ. ತಂದೆಯ ಜಿಪುಣತನಕ್ಕೆ ಸಾಕ್ಷಿಯಾಗಿ ಆಕೆ ಮತ್ತೆಮತ್ತೆ ನೆನೆಯುವ ಪ್ರಸಂಗವೊಂದಿದೆ. ಆತ ರ‍್ಯಾನ್ಸಮ್‌ರ ಕಾದಂಬರಿಗಳ ಪೂರ್ತಿ ಕಟ್ಟನ್ನು ಕೊಂಡು ಬೀರುವಿನಲ್ಲಿ ಬೀಗ ಹಾಕಿಟ್ಟ. ಕ್ರಿಸ್‌ಮಸ್ ಬಂದಾಗ ಒಂದನ್ನು ತೆಗೆದು ಮೂವರಿಗೂ ಸೇರಿ ಕೊಡುತ್ತಿದ್ದ. ಆ ಮಾಲೆಯಲ್ಲಿ ಪುಸ್ತಕಗಳು ಹನ್ನೆರಡು, ಲೆಕ್ಕ ಹಾಕಿಕೊಳ್ಳಬಹುದು.

ಓದಲು ಇಲ್ಲದ ಮೇಲೆ ಬರೆಯುವುದೊಂದೇ ದಾರಿ. ಎಂಟನೆಯ ವಯಸ್ಸಿನಲ್ಲೇ ತಾನು ಲೇಖಕಿಯಾಗುತ್ತೇನೆಂದು ಡಯಾನಾ ಮನೆಯಲ್ಲಿ ಸಾರಿದಾಗ ದೊಡ್ಡವರು ನಕ್ಕಿದ್ದರು. ಅಕ್ಷರಗಳು ಅದಲುಬದಲಾಗುವ ಡಿಸ್ಲೆಕ್ಸಿಯಾ ಇದ್ದ ಹುಡುಗಿಯ ಬಾಯಲ್ಲಿ ಆ ಮಾತು ಅವರಿಗೆ ತಮಾಷೆ ಎನಿಸಿರಬೇಕು. ಹದಿಮೂರರ ಸುಮಾರಿಗೆ ಆಕೆ ನೋಟ್‌ಬುಕ್ಕಿನ ಮೇಲೆ ನೋಟ್‌ಬುಕ್ ತುಂಬಿಸುತ್ತಿದ್ದಳು; ರಾತ್ರಿ ಅದನ್ನು ತಂಗಿಯರಿಗೆ ಓದಿ ಹೇಳುವುದು, ಅವರು ‘ಆಮೇಲೆ?’ ಎಂದಾಗ ಮರುದಿನಕ್ಕೆ ಇನ್ನಷ್ಟು ಬರೆಯುವುದು. ಮೂವರೂ ಮುಂದೆ ಅಕ್ಷರದ ಬದುಕನ್ನೇ ಹಿಡಿದರು. ಇಸಬೆಲ್ ಆರ್ಮ್‌ಸ್ಟ್ರಾಂಗ್ ವಿಕ್ಟೋರಿಯಾ ಕಾಲದ ಕಾವ್ಯದ ವಿದ್ವಾಂಸೆ. ಅರ್ಸುಲಾ ಜೋನ್ಸ್ ನಟಿ, ಮಕ್ಕಳ ಲೇಖಕಿ.

ಈ ಬಾಲ್ಯವನ್ನು ಜೋನ್ಸ್ ನೇರವಾಗಿ ಕಥೆಗೆ ತಂದದ್ದು ‘ದ ಟೈಮ್ ಆಫ್ ದ ಗೋಸ್ಟ್’ (1981) ಕಾದಂಬರಿಯಲ್ಲಿ. ಗಂಡುಮಕ್ಕಳ ಶಾಲೆ ನಡೆಸುವ ದಂಪತಿ, ಯಾರೂ ಗಮನಿಸದೆ ಬೆಳೆಯುವ ನಾಲ್ವರು ಸೋದರಿಯರು, ಅವರಲ್ಲೊಬ್ಬಳ ಪ್ರೇತ. ತಾನು ಯಾರ ಪ್ರೇತ ಎಂಬುದು ಆ ಪ್ರೇತಕ್ಕೇ ಗೊತ್ತಿಲ್ಲ. ಹೆಣ್ಣುಮಕ್ಕಳಲ್ಲೊಬ್ಬಳು ಮನೆಯಲ್ಲಿಲ್ಲ ಎನ್ನುವುದನ್ನು ತಂದೆ ತಾಯಿ ಗಮನಿಸುತ್ತಾರೆಯೇ ಎಂದು ಪರೀಕ್ಷಿಸಲು ಮಕ್ಕಳು ಹೂಡುವ ಆಟ ಓದುವವರ ಎದೆ ಹಿಂಡುತ್ತದೆ. ಇಷ್ಟೆಲ್ಲ ನಂಬಲಾಗದು ಎಂದವರಿಗೆ, ನಡೆದದ್ದಕ್ಕೆ ನೀರು ಬೆರೆಸಿಯೇ ಬರೆದಿದ್ದೇನೆ ಎಂಬರ್ಥದ ಉತ್ತರ ಆಕೆಯದು.

ಆಕ್ಸ್‌ಫರ್ಡ್, ಸಂಸಾರ, ತಡವಾದ ಆರಂಭ

1953ರಿಂದ 1956ರವರೆಗೆ ಆಕ್ಸ್‌ಫರ್ಡಿನ ಸೇಂಟ್ ಆನ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಆಗ ಅಲ್ಲಿ ಸಿ. ಎಸ್. ಲೂಯಿಸ್ ಮತ್ತು ಜೆ. ಆರ್. ಆರ್. ಟೋಲ್ಕಿನ್ ಪಾಠ ಹೇಳುತ್ತಿದ್ದರು. ಲೂಯಿಸ್‌ರದು ಕಿಕ್ಕಿರಿದ ಸಭಾಂಗಣ, ಗುಡುಗುವ ದನಿ. ಟೋಲ್ಕಿನ್‌ರದು ತದ್ವಿರುದ್ಧ: ಕರಿಹಲಗೆಯ ಕಡೆ ತಿರುಗಿ ಗೊಣಗುವುದು. ವಿದ್ಯಾರ್ಥಿಗಳೆಲ್ಲ ಬಿಟ್ಟುಹೋದರೆ ಮನೆಗೆ ಹೋಗಿ ತಮ್ಮ ಕಾದಂಬರಿ ಮುಂದುವರಿಸಬಹುದೆಂಬ ಆಸೆಯೇ ಇದಕ್ಕೆ ಕಾರಣ ಎಂಬುದು ಜೋನ್ಸ್‌ರ ಗುಮಾನಿ. ಆಕೆ ಬಿಡಲಿಲ್ಲ. ಬೆರಳೆಣಿಕೆಯ ಕೆಲವರೊಂದಿಗೆ ಕೂತು, ಕಿವಿಗೆ ಬಿದ್ದಷ್ಟನ್ನು ಹೆಕ್ಕಿಕೊಂಡರು. ಒಬ್ಬ ಮನುಷ್ಯ ಊರು ಬಿಟ್ಟು ಹೊರಟ ಎಂಬ ಸಣ್ಣ ಎಳೆಗೆ ಒಂದೊಂದೇ ತಿರುವು ಸೇರಿಸುತ್ತ ಹೋದರೆ ಅದು ಹೇಗೆ ಬೇರೊಂದು ಕಥೆಯಾಗಿ ಮಾರ್ಪಡುತ್ತದೆ ಎಂಬುದೇ ಅಲ್ಲಿನ ಪಾಠ. ದಶಕಗಳ ಬಳಿಕ ಜೋನ್ಸ್ ಟೋಲ್ಕಿನ್‌ರ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಕಥನದ ಆಕಾರವನ್ನು ಕುರಿತು ಬರೆದ ಪ್ರಬಂಧದಲ್ಲಿ ಆ ಗೊಣಗಾಟದ ಫಲ ಕಾಣುತ್ತದೆ.

1956ರಲ್ಲಿ ಮಧ್ಯಯುಗದ ಇಂಗ್ಲಿಷ್ ಸಾಹಿತ್ಯದ ವಿದ್ವಾಂಸ ಜಾನ್ ಬರೋ ಅವರೊಂದಿಗೆ ಮದುವೆ. ರಿಚರ್ಡ್, ಮೈಕೆಲ್, ಕಾಲಿನ್ ಎಂಬ ಮೂವರು ಗಂಡುಮಕ್ಕಳು. ಕಾಲಿನ್ ಬರೋ ಈಗ ಹೆಸರಾಂತ ವಿಮರ್ಶಕ. ಮಕ್ಕಳಿಗೆ ಪುಸ್ತಕ ಓದಿ ಹೇಳತೊಡಗಿದಾಗ ತನಗೆ ಸಿಗದೆ ಹೋದ ಮಕ್ಕಳ ಸಾಹಿತ್ಯವನ್ನು ಜೋನ್ಸ್ ಮೊದಲ ಸಲ ಸಾಲಾಗಿ ಓದಿದರು. ಯಾವ ಪುಟಕ್ಕೆ ಮಗು ನಗುತ್ತದೆ, ಯಾವುದಕ್ಕೆ ಎದ್ದುಹೋಗುತ್ತದೆ ಎನ್ನುವುದನ್ನು ಕಣ್ಣಾರೆ ನೋಡಿದರು. ಆದರೂ ಮೊದಲು ಪ್ರಕಟವಾದ ಕಾದಂಬರಿ ‘ಚೇಂಜೋವರ್’ (1970) ದೊಡ್ಡವರಿಗಾಗಿ ಬರೆದದ್ದು: ಸ್ವಾತಂತ್ರ್ಯದ ಹೊಸ್ತಿಲಲ್ಲಿರುವ ಆಫ್ರಿಕಾದ ಒಂದು ಕಲ್ಪಿತ ವಸಾಹತಿನ ಆಡಳಿತಗಾರರ ಮೇಲಿನ ವಿಡಂಬನೆ. ಮಕ್ಕಳಿಗಾಗಿ ಬರೆದ ಮೊದಲ ಕಾದಂಬರಿ ‘ವಿಲ್ಕಿನ್ಸ್ ಟೂತ್’ ಬಂದದ್ದು 1973ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿಗೆ. 1976ರಲ್ಲಿ ಬರೋ ಅವರಿಗೆ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಮುಂದಿನ ಬದುಕೆಲ್ಲ ಆ ಊರಿನಲ್ಲೇ ಕಳೆಯಿತು.

ಮೊದಲ ಪುಸ್ತಕಗಳು

ಒಮ್ಮೆ ಕೈ ಕುದುರಿದ ಮೇಲೆ ವರ್ಷಕ್ಕೊಂದು, ಕೆಲವು ವರ್ಷ ಎರಡು ಮೂರು ಪುಸ್ತಕ ಬಂದವು. ‘ದಿ ಓಗರ್ ಡೌನ್‌ಸ್ಟೇರ್ಸ್’ನಲ್ಲಿ (1974) ಮಲತಂದೆಯೇ ಮನೆಯೊಳಗಿನ ರಾಕ್ಷಸ. ಆತ ತಂದುಕೊಟ್ಟ ಕೆಮಿಸ್ಟ್ರಿ ಪೆಟ್ಟಿಗೆಗಳಿಂದ ಮಕ್ಕಳು ಹಾರುತ್ತಾರೆ, ಟಾಫಿ ತುಂಡುಗಳಿಗೆ ಜೀವ ಬಂದು ಮನೆ ತುಂಬ ಹರಿದಾಡುತ್ತವೆ. ಕೊನೆಯ ಹೊತ್ತಿಗೆ ರಾಕ್ಷಸನೂ ಒಬ್ಬ ತಬ್ಬಿಬ್ಬಾದ ಗಂಡಸು ಎಂದು ಮಕ್ಕಳಿಗೆ ತಿಳಿಯುತ್ತದೆ. ‘ಪವರ್ ಆಫ್ ತ್ರೀ’ಯಲ್ಲಿ (1976) ಗುಡ್ಡದೊಳಗೆ ಬದುಕುವ ಜನ ಹೆದರುವ ‘ದೈತ್ಯರು’ ಕಾರು ಓಡಿಸುವ ನಾವೇ ಎಂದು ಓದುಗನಿಗೆ ಅರ್ಧ ದಾರಿಯಲ್ಲಿ ಹೊಳೆಯುವ ಕ್ಷಣ ಒಂದು ಸೊಗಸಾದ ಕೈಚಳಕ.

‘ಏಟ್ ಡೇಸ್ ಆಫ್ ಲ್ಯೂಕ್’ (1975) ಕನ್ನಡದ ಓದುಗರಿಗೆ ಬೇರೊಂದು ಬಗೆಯಲ್ಲಿ ರುಚಿಸಬಹುದು. ನೆಂಟರ ಹಂಗಿನಲ್ಲಿ ಬದುಕುವ ಡೇವಿಡ್ ಎಂಬ ಅನಾಥ ಹುಡುಗ ಸಿಟ್ಟಿನ ಭರದಲ್ಲಿ ಅರ್ಥವಿಲ್ಲದ ಶಬ್ದಗಳನ್ನು ಪೋಣಿಸಿ ಶಾಪ ಹಾಕುತ್ತಾನೆ; ನೆಲ ಬಿರಿದು ಲ್ಯೂಕ್ ಎಂಬ ಕೆಂಗೂದಲ ಹುಡುಗ ಹೊರಬರುತ್ತಾನೆ. ಬೆಂಕಿಕಡ್ಡಿ ಗೀರಿದಾಗಲೆಲ್ಲ ಆತ ಹಾಜರು. ಅವನನ್ನು ಹುಡುಕಿಕೊಂಡು ದಿನಕ್ಕೊಬ್ಬರಂತೆ ವಿಚಿತ್ರ ಮಂದಿ ಬರತೊಡಗುತ್ತಾರೆ. ಇಂಗ್ಲಿಷಿನ ವಾರದ ದಿನಗಳಲ್ಲಿ ಉತ್ತರ ಯುರೋಪಿನ ಹಳೆಯ ದೇವತೆಗಳು ಅಡಗಿದ್ದಾರೆ: ಮಂಗಳವಾರಕ್ಕೆ ಟ್ಯೂ, ಬುಧವಾರಕ್ಕೆ ವೋಡನ್, ಗುರುವಾರಕ್ಕೆ ಥಾರ್. ಬಂದವರು ಅವರೇ, ಲ್ಯೂಕ್ ಎಂದರೆ ಸೆರೆಯಿಂದ ತಪ್ಪಿಸಿಕೊಂಡ, ಅದೇ ದೇವಗಣದ ಲೋಕಿ. ಮಂಗಳ, ಬುಧ, ಗುರು ಎಂದು ಗ್ರಹಗಳ ಹೆಸರಲ್ಲೇ ದಿನ ಎಣಿಸುವ ನಮಗೆ ಈ ಒಗಟು ಅರ್ಧ ಬಿಡಿಸಿಯೇ ಕೈಗೆ ಬಂದಂತೆ. ಇಪ್ಪತ್ತಾರು ವರ್ಷಗಳ ನಂತರ ನೀಲ್ ಗೈಮನ್ ಬರೆದ ‘ಅಮೆರಿಕನ್ ಗಾಡ್ಸ್’ನಲ್ಲಿಯೂ ಬುಧವಾರದ ಹೆಸರು ಹೊತ್ತ ಒಬ್ಬ ದೇವತೆ ಇದ್ದಾನೆ. ಗೈಮನ್ ಜೋನ್ಸ್‌ರ ಆಪ್ತ ಸ್ನೇಹಿತ.

1975ರಲ್ಲೇ ಬಂದ ‘ಡಾಗ್ಸ್‌ಬಾಡಿ’ಯನ್ನು ಈ ಲೇಖಕಿಯ ಮೊದಲ ಶ್ರೇಷ್ಠ ಕೃತಿ ಎನ್ನಬಹುದು. ಆಕಾಶದ ಲುಬ್ಧಕ ನಕ್ಷತ್ರದ ದೇವತೆಯ ಮೇಲೆ ಕೊಲೆಯ ಆರೋಪ. ಶಿಕ್ಷೆಯೆಂದರೆ ಭೂಮಿಯ ಮೇಲೆ ನಾಯಿಮರಿಯಾಗಿ ಹುಟ್ಟಿ, ಕಳೆದುಹೋದ ದಿವ್ಯ ಆಯುಧವನ್ನು ಹುಡುಕಬೇಕು. ಕಣ್ಣು ಬಿಡುವ ಮೊದಲೇ ಗೋಣಿಯಲ್ಲಿ ಕಟ್ಟಿ ನದಿಗೆ ಎಸೆದ ಆ ಮರಿಯನ್ನು ಎತ್ತಿಕೊಂಡು ಸಾಕುವವಳು ಕ್ಯಾಥ್ಲೀನ್. ತಂದೆ ಜೈಲಿನಲ್ಲಿರುವ ಐರಿಷ್ ಹುಡುಗಿ, ಇಂಗ್ಲೆಂಡಿನ ನೆಂಟರ ಮನೆಯಲ್ಲಿ ಬಿಟ್ಟಿ ಚಾಕರಿಯವಳು. ಐರ್ಲೆಂಡಿನ ಗಲಭೆಯ ಆ ವರ್ಷಗಳಲ್ಲಿ ಮಕ್ಕಳ ಪುಸ್ತಕವೊಂದು ಇಂಥವಳನ್ನು ನಾಯಕಿ ಮಾಡಿದ್ದು ಸಣ್ಣ ಮಾತಲ್ಲ. ನಕ್ಷತ್ರದ ಘನತೆ ಮತ್ತು ನಾಯಿಯ ಹಸಿವು ಒಂದೇ ಮೈಯಲ್ಲಿ ಗುದ್ದಾಡುವುದನ್ನು ಜೋನ್ಸ್ ನಾಯಿಯ ಮೂಗಿನಿಂದಲೇ ಬರೆದಿದ್ದಾರೆ. ಕಥೆಯ ಕೊನೆಗೆ ಇಬ್ಬರೂ ಅಗಲುತ್ತಾರೆ, ಓದುಗನನ್ನು ಸಮಾಧಾನಪಡಿಸುವ ಗೊಡವೆಗೆ ಲೇಖಕಿ ಹೋಗುವುದಿಲ್ಲ.

ಕ್ರೆಸ್ಟೊಮ್ಯಾನ್ಸಿ ಮಾಲೆ

ಜೋನ್ಸ್‌ರಿಗೆ ಹೆಸರು ತಂದದ್ದು ‘ಚಾರ್ಮ್ಡ್ ಲೈಫ್’ (1977). ಅದಕ್ಕೆ 1978ರ ಗಾರ್ಡಿಯನ್ ಮಕ್ಕಳ ಸಾಹಿತ್ಯ ಪ್ರಶಸ್ತಿ ಬಂತು. ಇಲ್ಲಿನ ಕಲ್ಪನೆ ಹೀಗೆ: ಇತಿಹಾಸದ ಯಾವುದೋ ತಿರುವಿನಲ್ಲಿ ಒಂದು ಲೋಕ ಕವಲೊಡೆಯುತ್ತದೆ, ಹೀಗೆ ಕವಲೊಡೆದ ಲೋಕಗಳು ಅನೇಕ, ಪ್ರತಿಯೊಬ್ಬರಿಗೂ ಅಲ್ಲೆಲ್ಲ ಒಂದೊಂದು ಪ್ರತಿರೂಪವಿದೆ. ಅಪರೂಪಕ್ಕೆ ಒಬ್ಬನಿಗೆ ಬೇರೆ ಲೋಕಗಳಲ್ಲಿ ಪ್ರತಿರೂಪವೇ ಇಲ್ಲದೆ ಎಲ್ಲರ ಪಾಲಿನ ಜೀವವೂ ಅವನಲ್ಲೇ ಸೇರಿದರೆ ಅವನಿಗೆ ಒಂಬತ್ತು ಜೀವ. ಅಂಥವನೇ ಸರ್ಕಾರಿ ಮಾಂತ್ರಿಕ ‘ಕ್ರೆಸ್ಟೊಮ್ಯಾನ್ಸಿ’. ಅದು ವ್ಯಕ್ತಿಯ ಹೆಸರಲ್ಲ, ಹುದ್ದೆಯ ಹೆಸರು. ಮಾಟಮಂತ್ರದ ದುರುಪಯೋಗ ತಡೆಯುವುದು ಕೆಲಸ. ಹೆಸರು ಹಿಡಿದು ಕರೆದರೆ ಎಲ್ಲಿದ್ದರೂ ಬರಬೇಕು, ಕಸೂತಿಯ ರೇಷ್ಮೆ ಡ್ರೆಸಿಂಗ್ ಗೌನ್ ತೊಟ್ಟು ಬೆಳಗಿನ ತಿಂಡಿಗೆ ಕೂತಿದ್ದರೂ.

ಆದರೆ ಕಥೆ ಇರುವುದು ಕ್ಯಾಟ್ ಎಂಬ ಹುಡುಗನದು. ದೋಣಿ ದುರಂತದಲ್ಲಿ ಹೆತ್ತವರನ್ನು ಕಳೆದುಕೊಂಡ ಕ್ಯಾಟ್‌ಗೆ ಅಕ್ಕ ಗ್ವೆಂಡೊಲೆನ್ ಒಬ್ಬಳೇ ಗತಿ. ಅವಳು ಪ್ರಚಂಡ ಮಾಟಗಾತಿ, ಇವನು ಪೆದ್ದ, ಹಾಗೆಂದು ಎಲ್ಲರೂ ನಂಬಿದ್ದಾರೆ, ಅವನೂ ನಂಬಿದ್ದಾನೆ. ಅವನ ಹೆಸರಿಗೆ ಒಂದು ಬೆಂಕಿಕಡ್ಡಿಯ ಪುಸ್ತಿಕೆ ಇದೆ: ಒಂಬತ್ತು ಕಡ್ಡಿ, ಕೆಲವು ಆಗಲೇ ಉರಿದು ಕಪ್ಪಾಗಿವೆ. ಒಂದು ದಿನ ಅದರ ಅರ್ಥ ತಿಳಿಯದ ಹುಡುಗಿಯೊಬ್ಬಳು ಒಂದು ಕಡ್ಡಿ ಗೀರುತ್ತಾಳೆ. ಮರುಕ್ಷಣ ಕ್ಯಾಟ್‌ನ ಮೈಯೇ ಹೊತ್ತಿ ಉರಿಯುತ್ತದೆ. ನಮ್ಮ ಅಜ್ಜಿಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದಲ್ಲ, ಆ ಉಪಾಯವೇ ಇದು; ಆದರೆ ಅಲ್ಲಿ ರಾಕ್ಷಸ ತನ್ನ ಪ್ರಾಣವನ್ನು ತಾನೇ ಬಚ್ಚಿಟ್ಟುಕೊಂಡಿರುತ್ತಾನೆ. ಇಲ್ಲಿ ಹುಡುಗನ ಪ್ರಾಣಗಳನ್ನು ಪುಸ್ತಿಕೆಗೆ ಹಾಕಿದವಳು ಅಕ್ಕ. ಅವಳು ಇಷ್ಟು ದಿನ ಮೆರೆದದ್ದೆಲ್ಲ ತಮ್ಮನ ಶಕ್ತಿಯಿಂದ, ತನ್ನ ಮಾಟಕ್ಕೆ ಅವನ ಒಂದೊಂದೇ ಜೀವವನ್ನು ಖರ್ಚು ಮಾಡುತ್ತ ಬಂದಿದ್ದಾಳೆ. ಇದನ್ನು ಓದುಗ ಊಹಿಸಿ ಎಷ್ಟೋ ಪುಟಗಳಾದ ಮೇಲೂ ಕ್ಯಾಟ್ ಒಪ್ಪುವುದಿಲ್ಲ. ಅವನಿಗೆ ಜೀವ ಹೋದದ್ದಕ್ಕಿಂತ ದೊಡ್ಡ ನಷ್ಟ ಅಕ್ಕ ಹೋಗುವುದು. ಪ್ರೀತಿಸಿದವರೇ ದೋಚಿದರು ಎಂದು ಒಪ್ಪಿಕೊಳ್ಳಲು ಮಗು ಪಡುವ ಈ ಕಷ್ಟವನ್ನು ಇಷ್ಟು ಹಗುರ ಕೈಯಲ್ಲಿ ಬರೆದ ಇನ್ನೊಂದು ಪುಸ್ತಕ ಸುಲಭಕ್ಕೆ ನೆನಪಾಗುವುದಿಲ್ಲ.

ಮಾಲೆಯ ಉಳಿದ ಪುಸ್ತಕಗಳಲ್ಲಿ ‘ದ ಲೈವ್ಸ್ ಆಫ್ ಕ್ರಿಸ್ಟಫರ್ ಚಾಂಟ್’ (1988) ಇದಕ್ಕೆ ಸರಿಸಾಟಿ. ಮಾತಾಡದ ತಂದೆತಾಯಿ, ಮಗನ ಕನಸಿನ ಪ್ರಯಾಣಗಳನ್ನು ಕಳ್ಳಸಾಗಣೆಗೆ ಬಳಸುವ ಸೋದರಮಾವ, ನೇಪಾಳದ ಕುಮಾರಿಯನ್ನು ನೆನಪಿಸುವ ಒಬ್ಬ ಜೀವಂತ ದೇವತೆ. ಗುಡಿಯಲ್ಲಿ ಬಂದಿಯಾದ ಆ ಹುಡುಗಿಗೆ ಬೇಕಾದ ಕಾಣಿಕೆ ಚಿನ್ನವಲ್ಲ, ಹಾಸ್ಟೆಲ್ ಹುಡುಗಿಯರ ಶಾಲೆಯ ಕಥೆಪುಸ್ತಕಗಳು! ‘ವಿಚ್ ವೀಕ್’ (1982) ನಡೆಯುವುದು ಮಾಟಗಾತಿಯರನ್ನು ಸುಡುವ ಕಾನೂನಿರುವ ಲೋಕದ ವಸತಿಶಾಲೆಯೊಂದರಲ್ಲಿ. ಈ ತರಗತಿಯಲ್ಲಿ ಒಬ್ಬರು ಮಾಟಗಾರರಿದ್ದಾರೆ ಎಂಬ ಚೀಟಿ ಮೇಷ್ಟರ ಕೈಗೆ ಸಿಗುವುದರೊಂದಿಗೆ ಕಥೆ ಶುರು. 1997ರಲ್ಲಿ ಹ್ಯಾರಿ ಪಾಟರ್ ಬಂದ ಮೇಲೆ ಮಾಂತ್ರಿಕ ಮಕ್ಕಳು, ಕೋಟೆ, ವಸತಿಶಾಲೆ ಇತ್ಯಾದಿ ಹೋಲಿಕೆಗಳನ್ನು ಎತ್ತಿ ತೋರಿಸಿದವರು ಬಹಳ. ಈ ತಕರಾರಿನಲ್ಲಿ ಹೆಚ್ಚು ಹುರುಳಿಲ್ಲ. ವಸತಿಶಾಲೆಯ ಕಥೆ ಇಂಗ್ಲಿಷಿನಲ್ಲಿ ಅಜ್ಜನ ಕಾಲದ್ದು. ಪಾಟರ್ ಅಲೆಯಿಂದ ಆದ ಲಾಭವೆಂದರೆ ಜೋನ್ಸ್‌ರ ಹಳೆಯ ಪುಸ್ತಕಗಳು ಮರುಮುದ್ರಣಗೊಂಡು ಅಂಗಡಿಗೆ ಬಂದದ್ದು.

ನೇಯ್ದ ಕಥೆ, ಅಗೆದ ರಸ್ತೆ

ಡೇಲ್‌ಮಾರ್ಕ್ ಎಂಬ ಕಲ್ಪಿತ ನಾಡಿನ ಚತುಷ್ಟಯದಲ್ಲಿ (1975–1993) ಮೂರನೆಯದಾದ ‘ದ ಸ್ಪೆಲ್‌ಕೋಟ್ಸ್’ (1979) ತಾಂತ್ರಿಕವಾಗಿ ಅತ್ಯಂತ ಧೀರ ಪ್ರಯೋಗ. ತಾನಾಕ್ವಿ ಎಂಬ ಹುಡುಗಿ ನೇಕಾರ್ತಿ. ತನ್ನ ಕುಟುಂಬದ ಕಥೆಯನ್ನು ಅವಳು ಬರೆಯುವುದಿಲ್ಲ, ಮೇಲಂಗಿಯ ನೇಯ್ಗೆಯಲ್ಲೇ ಅಕ್ಷರ ಕೂರಿಸಿ ನೇಯುತ್ತಾಳೆ. ನಾವು ಓದುತ್ತಿರುವುದು ಆ ಅಂಗಿಗಳ ಪಠ್ಯ. ನಡುವೆ ಒಂದು ಅಂಗಿ ಮುಗಿದು, ಮಗ್ಗಕ್ಕೆ ಹೊಸ ಹಾಸು ಹೂಡುವ ತನಕ ಕಥೆಯೂ ನಿಲ್ಲುತ್ತದೆ. ನೇಯ್ದದ್ದನ್ನು ಮತ್ತೆ ಓದಿಕೊಂಡಾಗಷ್ಟೇ ಅವಳಿಗೆ ತನ್ನ ಕೈ ಏನು ಮಾಡಿದೆ ಎಂದು ಅರಿವಾಗುತ್ತದೆ: ಕಟ್ಟಿಹಾಕಲ್ಪಟ್ಟ ನದಿಯ ದೇವತೆಯ ಗಂಟುಗಳು ಅವಳ ನೂಲಿನಲ್ಲಿ ಸಡಿಲುತ್ತಿವೆ. ಕೊನೆಗೆ ಎಷ್ಟೋ ಶತಮಾನಗಳ ನಂತರದ ವಿದ್ವಾಂಸರು ಹಳೆಯ ಬಟ್ಟೆಯ ಬಗ್ಗೆ ಬರೆದ ಟಿಪ್ಪಣಿ ಬರುತ್ತದೆ, ಎಲ್ಲ ತಿಳಿದವರ ಗತ್ತಿನಲ್ಲಿ, ಅಲ್ಲಲ್ಲಿ ತಪ್ಪು ತಿಳಿಯುತ್ತ.

‘ಆರ್ಚರ್ಸ್ ಗೂನ್’ (1984) ಪಕ್ಕಾ ಪಟ್ಟಣದ ಕಥೆ. ಏಳು ಜನ ಅಣ್ಣತಮ್ಮ ಅಕ್ಕತಂಗಿಯರು ಊರನ್ನು ಇಲಾಖೆಗಳಂತೆ ಹಂಚಿಕೊಂಡು ಗುಟ್ಟಾಗಿ ಆಳುತ್ತಿದ್ದಾರೆ: ಒಬ್ಬನಿಗೆ ವಿದ್ಯುತ್ತು, ಒಬ್ಬಳಿಗೆ ಪೊಲೀಸು, ಇನ್ನೊಬ್ಬಳಿಗೆ ಅಪರಾಧ, ಮತ್ತೊಬ್ಬನಿಗೆ ಚರಂಡಿ. ಲೇಖಕನೊಬ್ಬ ಮೂರು ತಿಂಗಳಿಗೊಮ್ಮೆ ಕೊಡಬೇಕಾದ ಎರಡು ಸಾವಿರ ಪದ ಕೊಡಲಿಲ್ಲವೆಂದು ಮನೆಗೆ ವಿದ್ಯುತ್ತು ನಿಲ್ಲುತ್ತದೆ, ಮುಂದಿನ ರಸ್ತೆ ಅಗೆತ ಮುಗಿಯುವುದೇ ಇಲ್ಲ. ಅಗೆತಕ್ಕೆ ಕಾರಣ ಮಾಂತ್ರಿಕರೇ ಎಂಬ ವಿವರಣೆ ಯಾವ ಊರಿನವರಿಗಾದರೂ ನೆಮ್ಮದಿ ಕೊಡಬಹುದು. ಬಿಬಿಸಿ ಇದನ್ನು 1992ರಲ್ಲಿ ಧಾರಾವಾಹಿಯಾಗಿ ಮಾಡಿತು. ‘ಬ್ಲ್ಯಾಕ್ ಮರಾಯಾ’ (1991) ನಗಿಸುತ್ತಲೇ ಹೆದರಿಸುತ್ತದೆ: ಕೂತಲ್ಲೇ ಕೂತು, ಬೈಯದೆ, ಕೂಗಾಡದೆ, ‘ನನಗೇನೂ ಬೇಡಮ್ಮ’ ಎನ್ನುವ ಧಾಟಿಯಲ್ಲೇ ಇಡೀ ಊರನ್ನು ಕುಣಿಸುವ ಒಬ್ಬ ವೃದ್ಧೆಯ ಕಥೆ.

ಇವುಗಳ ನಡುವೆ ಬಂದ ‘ಫೈರ್ ಅಂಡ್ ಹೆಮ್ಲಾಕ್’ (1985) ಜೋನ್ಸ್‌ರ ಅತ್ಯಂತ ಗಹನ ಕೃತಿ. ಹತ್ತೊಂಬತ್ತು ವರ್ಷದ ಪಾಲಿ ಎಂಬ ಹುಡುಗಿಗೆ ತನ್ನ ಬಾಲ್ಯದ ಬಗ್ಗೆ ಎರಡು ಜೊತೆ ನೆನಪುಗಳಿವೆ ಎಂದು ಅರಿವಾಗುತ್ತದೆ; ಒಂದನ್ನು ಯಾರೋ ಅಳಿಸಿದ್ದಾರೆ. ಅಪ್ಸರೆಯರ ರಾಣಿಯ ಸೆರೆಯಿಂದ ನಲ್ಲನನ್ನು ಬಿಡಿಸಿಕೊಳ್ಳುವ ಹುಡುಗಿಯ ಕಥೆಯಾದ ‘ಟ್ಯಾಮ್ ಲಿನ್’ ಎಂಬ ಸ್ಕಾಟ್ಲೆಂಡಿನ ಲಾವಣಿಯೇ ಇದರ ಬೆನ್ನೆಲುಬು. ಆದರೆ ಮರೆಯಲಾಗದ ಪುಟಗಳಲ್ಲಿ ಮಾಯೆಯ ಸುಳಿವೂ ಇಲ್ಲ. ಬೇರೆಯಾದ ತಂದೆತಾಯಿಯರಲ್ಲಿ ತಾಯಿ ಪಾಲಿಯನ್ನು ಬ್ರಿಸ್ಟಲ್ಲಿಗೆ ತಂದೆಯ ಬಳಿ ಕಳಿಸುತ್ತಾಳೆ. ತಂದೆಗೆ ತನ್ನ ಹೊಸ ಗೆಳತಿಗೆ ವಿಷಯ ಹೇಳುವ ಧೈರ್ಯವಿಲ್ಲ. ಎರಡೂ ಮನೆಯಲ್ಲಿ ಜಾಗವಿಲ್ಲದ ಹುಡುಗಿ ಕೈಯಲ್ಲಿ ಕಾಸಿಲ್ಲದೆ ಅಪರಿಚಿತ ಊರಿನ ಬೀದಿಯಲ್ಲಿ ನಿಲ್ಲುತ್ತಾಳೆ. ಕೊನೆಯ ಅಧ್ಯಾಯ ಏನು ಹೇಳುತ್ತದೆ ಎಂಬ ಬಗ್ಗೆ ಓದುಗರು ಇಂದಿಗೂ ವಾದಿಸುತ್ತಾರೆ. ಒಂದೇ ಓದಿಗೆ ಅದು ದಕ್ಕುವುದಿಲ್ಲ ಎನ್ನುವುದು ನಿಜ.

ಹೌಲ್ ಮತ್ತು ಮಿಯಾಜಾಕಿ

‘ಹೌಲ್ಸ್ ಮೂವಿಂಗ್ ಕ್ಯಾಸಲ್’ (1986) ಹುಟ್ಟಿದ್ದು ಒಂದು ಶಾಲೆಯ ಭೇಟಿಯಲ್ಲಿ. ಅಲ್ಲಿ ಹುಡುಗನೊಬ್ಬ ‘ಚಲಿಸುವ ಕೋಟೆ’ ಎಂಬ ಪುಸ್ತಕ ಬರೆದುಕೊಡಿ ಎಂದು ಕೇಳಿದ. ಅವನ ಹೆಸರು ಬರೆದಿಟ್ಟುಕೊಂಡ ಚೀಟಿ ಕಳೆದುಹೋಯಿತು, ಪುಸ್ತಕ ಉಳಿಯಿತು. ಕಥೆ ನಡೆಯುವ ನಾಡಿನಲ್ಲಿ ಅಜ್ಜಿಕಥೆಯ ನಿಯಮಗಳೆಲ್ಲ ಕಾನೂನಿನಷ್ಟೇ ನಿಜ. ಹಾಗಾಗಿ ಮೂವರಲ್ಲಿ ಹಿರಿಯಳಾದ ಸೋಫಿ ತನ್ನ ಹಣೆಬರಹವನ್ನು ಮೊದಲೇ ಒಪ್ಪಿಕೊಂಡಿದ್ದಾಳೆ: ಕಥೆಗಳಲ್ಲಿ ಗೆಲ್ಲುವವರು ಕಿರಿಯರು, ಹಿರಿಯರು ಮೊದಲು ಹೊರಟು ಮೊದಲು ಸೋಲುಣ್ಣುವವರು. ಮೂವರಲ್ಲಿ ಹಿರಿಯಳೇ ಆಗಿದ್ದ ಲೇಖಕಿ ಇದನ್ನು ಬರೆಯುವಾಗ ಮುಗುಳ್ನಕ್ಕಿರಬೇಕು. ಟೋಪಿ ಅಂಗಡಿಯ ಮೂಲೆಯಲ್ಲಿ ಕೂತು ಟೋಪಿಗಳೊಂದಿಗೆ ಮಾತಾಡುವ ಈ ಹುಡುಗಿಯನ್ನು ಮಾಟಗಾತಿಯೊಬ್ಬಳು ತೊಂಬತ್ತರ ಮುದುಕಿಯಾಗಿಸುತ್ತಾಳೆ. ಆಮೇಲೆ ನಡೆಯುವುದು ವಿಚಿತ್ರ. ಮುಪ್ಪು ಸೋಫಿಗೆ ಶಾಪವಾಗುವ ಬದಲು ಬಿಡುಗಡೆಯಾಗುತ್ತದೆ. ಹದಿನೆಂಟರಲ್ಲಿ ಬಾಯಿ ಬಿಡದವಳು ಮುದುಕಿಯಾದೊಡನೆ ಎಲ್ಲರನ್ನೂ ಗದರಿಸುತ್ತಾಳೆ, ಮಾಂತ್ರಿಕ ಹೌಲ್‌ನ ಕೋಟೆಗೆ ನುಗ್ಗಿ ಒಲೆಯ ಬಳಿ ಕುರ್ಚಿ ಎಳೆದುಕೊಂಡು ಕೂರುತ್ತಾಳೆ, ಪೊರಕೆ ಹಿಡಿಯುತ್ತಾಳೆ. ಅವಳ ಮಾತಿಗೆ ಮೊದಲಿಂದಲೂ ಮಂತ್ರದ ಬಲವಿತ್ತು ಎನ್ನುವುದು ಅವಳಿಗೆ ತಿಳಿಯುವುದು ಬಹಳ ತಡವಾಗಿ.

ಹೌಲ್ ಹೃದಯ ಕದಿಯುವವನೆಂದು ಊರೆಲ್ಲ ಹೆದರಿಕೆ. ನಿಜದಲ್ಲಿ ಬಚ್ಚಲಮನೆಯಲ್ಲಿ ಗಂಟೆಗಟ್ಟಲೆ ಕಳೆಯುವ ಷೋಕಿಲಾಲ, ಜವಾಬ್ದಾರಿಯಿಂದ ನುಣುಚಿಕೊಳ್ಳುವ ನಿಪುಣ. ಅವನ ಕೋಟೆಯ ಬಾಗಿಲಿನ ಹಿಡಿಗೆ ನಾಲ್ಕು ಬಣ್ಣ, ತಿರುಗಿಸಿದಂತೆ ನಾಲ್ಕು ಬೇರೆ ಜಾಗಗಳಿಗೆ ತೆರೆಯುತ್ತದೆ. ಕಪ್ಪು ಬಣ್ಣ ತೆರೆಯುವುದು ನಮ್ಮದೇ ಲೋಕದ ವೇಲ್ಸ್‌ಗೆ. ಅಲ್ಲಿ ಮಹಾಮಾಂತ್ರಿಕನು ಹವೆಲ್ ಜೆಂಕಿನ್ಸ್ ಎಂಬ ಸಾಧಾರಣ ಯುವಕ. ಡಾಕ್ಟರೇಟ್ ಮಾಡಿಯೂ ಕೆಲಸ ಹಿಡಿಯಲಿಲ್ಲವೆಂದು ಅಕ್ಕನ ಕೈಯಲ್ಲಿ ಬೈಸಿಕೊಳ್ಳುವವನು.

ಚಿತ್ರವನ್ನು ಮೊದಲು ನಿರ್ದೇಶಿಸಬೇಕಿದ್ದವರು ಮಮೊರು ಹೊಸೊಡಾ. ಅವರು ಬಿಟ್ಟ ಮೇಲೆ ಮಿಯಾಜಾಕಿ ಕೈಗೆತ್ತಿಕೊಂಡರು. ವೇಲ್ಸ್ ಪೂರ್ತಿ ಮಾಯವಾಯಿತು, ಸೋಫಿಯ ನಾಲಗೆಯ ಮೊನಚು ತಗ್ಗಿತು, ಪುಸ್ತಕದಲ್ಲಿ ದೂರದ ಸುದ್ದಿಯಷ್ಟೇ ಆಗಿದ್ದ ಯುದ್ಧ ಪರದೆಯ ತುಂಬ ಬಾಂಬುಗಳಾಗಿ ಸುರಿಯಿತು. ಮಿಯಾಜಾಕಿ ಹುಟ್ಟಿದ್ದು 1941ರಲ್ಲಿ. ಇಬ್ಬರೂ ಒಂದೇ ಯುದ್ಧದ ಮಕ್ಕಳು, ಅದನ್ನು ಕಂಡದ್ದು ಎದುರುಬದುರು ಪಾಳೆಯಗಳಿಂದ. ಜೋನ್ಸ್ ಬದಲಾವಣೆಗಳಿಗೆ ಮುನಿಸಿಕೊಳ್ಳಲಿಲ್ಲ, ಚಿತ್ರವನ್ನು ಮೆಚ್ಚಿದರು. ಅದು ಆಸ್ಕರ್‌ನ ಅತ್ಯುತ್ತಮ ಅನಿಮೇಷನ್ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಪುಸ್ತಕಕ್ಕೆ 2006ರಲ್ಲಿ ಫೀನಿಕ್ಸ್ ಪ್ರಶಸ್ತಿ ಬಂತು. ಇಪ್ಪತ್ತು ವರ್ಷ ಹಿಂದೆ ಪ್ರಕಟವಾಗಿ, ಆಗ ದೊಡ್ಡ ಪ್ರಶಸ್ತಿ ಸಿಗದೆ ಹೋದ ಮಕ್ಕಳ ಕೃತಿಗೆ ಕೊಡುವ ಗೌರವ ಅದು.

ವಿಡಂಬನೆ, ಬರೆಯುವ ಬಗೆ

ತನ್ನ ಪ್ರಕಾರದ ಸವಕಲು ಸರಕನ್ನು ಜೋನ್ಸ್ ‘ದ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್’ನಲ್ಲಿ (1996) ಪ್ರವಾಸಿ ಕೈಪಿಡಿಯ ವೇಷದಲ್ಲಿ ಹರಾಜಿಗಿಟ್ಟರು. ಅಕಾರಾದಿಯಾಗಿ ಜೋಡಿಸಿದ ಈ ಪುಸ್ತಕದ ಪ್ರಕಾರ ಫ್ಯಾಂಟಸಿ ನಾಡಿನಲ್ಲಿ ಸಿಗುವ ಊಟ ಒಂದೇ, ಸ್ಟ್ಯೂ. ಗಂಟೆಗಟ್ಟಲೆ ಬೇಯಬೇಕಾದ ಅದನ್ನು ದಣಿದ ಪ್ರಯಾಣಿಕರು ಪ್ರತಿ ರಾತ್ರಿ ಹೇಗೆ ಬೇಯಿಸುತ್ತಾರೋ. ಅಲ್ಲಿನ ಕುದುರೆಗಳು ದಣಿಯುವುದಿಲ್ಲ, ಥೇಟ್ ಸೈಕಲ್. ಇದರ ಬೆನ್ನಿಗೆ ಬಂದ ‘ಡಾರ್ಕ್ ಲಾರ್ಡ್ ಆಫ್ ಡರ್ಕ್‌ಹೋಮ್’ (1998) ಆ ನಗೆಯ ಕೆಳಗಿನ ಕಹಿಯನ್ನು ಹೊರತೆಗೆಯಿತು. ನಮ್ಮ ಲೋಕದ ವ್ಯಾಪಾರಿಯೊಬ್ಬ ಮಾಯಾಲೋಕವನ್ನು ಪ್ರವಾಸಿ ತಾಣ ಮಾಡಿಕೊಂಡಿದ್ದಾನೆ. ಬಂದವರ ಖುಷಿಗಾಗಿ ಅಲ್ಲಿನ ಜನ ವರ್ಷವರ್ಷವೂ ತಮ್ಮ ಹೊಲಗಳನ್ನು ತುಳಿಸಿಕೊಂಡು ಸುಳ್ಳು ಯುದ್ಧಗಳಲ್ಲಿ ನಿಜವಾಗಿ ಸಾಯಬೇಕು. ‘ಚೇಂಜೋವರ್’ ಬರೆದ ಕೈಯೇ ಇದು. ಈ ಕಾದಂಬರಿಗೆ 1999ರ ಮಿಥೊಪೊಯಿಕ್ ಪ್ರಶಸ್ತಿ ಬಂತು.

ಜೋನ್ಸ್ ಮೊದಲ ಕರಡನ್ನು ಕೈಬರಹದಲ್ಲಿ ಬರೆಯುತ್ತಿದ್ದರು, ಯೋಜನೆ ಹಾಕದೆ. ಆರಂಭ, ಅಂತ್ಯ, ನಡುವಿನ ಯಾವುದೋ ಒಂದು ದೃಶ್ಯ ಕಣ್ಣಿಗೆ ಕಟ್ಟಿದರೆ ಸಾಕು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಬರೆಯುತ್ತಲೇ ಸಿಗಬೇಕು. ಕರಡು ಮುಗಿದ ಮೇಲೆ ಒಂದೊಂದು ವಾಕ್ಯವನ್ನೂ ತೂಗುವ ಎರಡನೆಯ ಸುತ್ತು. ಈ ಪದ್ಧತಿಯ ಗುಣವೂ ದೋಷವೂ ಪುಸ್ತಕಗಳಲ್ಲಿ ಕಾಣುತ್ತವೆ. ಮುಂದೇನು ಎಂದು ಯಾರೂ ಊಹಿಸಲಾರರು. ಆದರೆ ಕೊನೆಯ ಇಪ್ಪತ್ತು ಪುಟಗಳಲ್ಲಿ ಎಲ್ಲ ಪಾತ್ರಗಳೂ ಒಂದೇ ಕೋಣೆಗೆ ನುಗ್ಗಿ, ವೇಷ ಕಳಚಿ, ಗುಟ್ಟು ಬಿಚ್ಚುವ ಗದ್ದಲದಲ್ಲಿ ಓದುಗ ದಾರಿ ತಪ್ಪುವುದೂ ಉಂಟು. ‘ಹೆಕ್ಸ್‌ವುಡ್’ನಲ್ಲಂತೂ (1993) ಘಟನೆಗಳ ಹಿಂದುಮುಂದನ್ನೇ ಕಲಸಿಬಿಟ್ಟಿದ್ದಾರೆ. ಜೋನ್ಸ್ ಇದಕ್ಕೆ ಮಕ್ಕಳಿಂದ ದೂರು ಬಂದದ್ದಿಲ್ಲ, ತಿಣುಕುವವರು ದೊಡ್ಡವರೇ ಎನ್ನುತ್ತಿದ್ದರು. ದೊಡ್ಡವರಿಗೆಂದು ಬರೆದ ‘ಎ ಸಡನ್ ವೈಲ್ಡ್ ಮ್ಯಾಜಿಕ್’ (1992) ಮಕ್ಕಳ ಪುಸ್ತಕಗಳಿಗಿಂತ ತೆಳು ಎಂಬುದು ಈ ಮಾತಿಗೆ ಬೆಂಬಲವೇ ಸರಿ.

ಕೊನೆಯ ವರ್ಷಗಳು

2006ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2007ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯ ಜೀವಮಾನ ಸಾಧನೆಯ ಗೌರವ ಬಂತು. 2009ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆಯ ನಡುವೆಯೂ ಬರೆದರು. 2011ರ ಮಾರ್ಚ್ 26ರಂದು ಬ್ರಿಸ್ಟಲ್ಲಿನಲ್ಲಿ ತೀರಿಕೊಂಡರು. ಅದೇ ವರ್ಷ ಹೊರಬಂದ ‘ಇಯರ್‌ವಿಗ್ ಅಂಡ್ ದ ವಿಚ್’ ಎಂಬ ಪುಟ್ಟ ಪುಸ್ತಕವನ್ನು ಮಿಯಾಜಾಕಿಯ ಮಗ ಗೊರೊ 2020ರಲ್ಲಿ ಚಿತ್ರ ಮಾಡಿದರು. ಪ್ರಬಂಧಗಳು ‘ರಿಫ್ಲೆಕ್ಷನ್ಸ್’ ಎಂಬ ಸಂಪುಟವಾಗಿ 2012ರಲ್ಲಿ ಬಂದವು.

ಮೇಜಿನ ಮೇಲೆ ಅರ್ಧಕ್ಕೆ ನಿಂತ ಕಾದಂಬರಿಯೊಂದು ಉಳಿದಿತ್ತು, ‘ದಿ ಐಲೆಂಡ್ಸ್ ಆಫ್ ಚಾಲ್ಡಿಯಾ’. ಮುಂದೆ ಏನಾಗಬೇಕು ಎಂಬ ಒಂದು ಸಾಲಿನ ಟಿಪ್ಪಣಿಯೂ ಇರಲಿಲ್ಲ. ಹಾಗೆ ಬರೆದಿಡುವ ಅಭ್ಯಾಸವೇ ಜೋನ್ಸ್‌ರಿಗಿರಲಿಲ್ಲ. ಮನೆಯವರೆಲ್ಲ ಕೂತು ಹಸ್ತಪ್ರತಿಯನ್ನು ನಿಂತಲ್ಲಿಯವರೆಗೆ ಗಟ್ಟಿಯಾಗಿ ಓದಿದರು. ಮುಗಿಸುವ ಹೊಣೆ ಬಿದ್ದದ್ದು ಅರ್ಸುಲಾ ಜೋನ್ಸ್ ಮೇಲೆ. ಥ್ಯಾಕ್ಸ್‌ಟೆಡ್‌ನ ಚಳಿಯ ಹೊರಮನೆಯಲ್ಲಿ ಅಕ್ಕನ ನೋಟ್‌ಬುಕ್ಕಿನ ಕಥೆ ಕೇಳುತ್ತ ‘ಆಮೇಲೆ?’ ಎನ್ನುತ್ತಿದ್ದ ಆ ಕಿರಿಯ ತಂಗಿಗೆ ಮೊದಮೊದಲು ಏನೂ ಹೊಳೆಯಲಿಲ್ಲ. ಅಕ್ಕ ಹಿಂದಿನ ಪುಟಗಳಲ್ಲಿ ಬಿಟ್ಟುಹೋದ ಸಣ್ಣಪುಟ್ಟ ಸುಳಿವುಗಳನ್ನು ಒಂದೊಂದಾಗಿ ಹೆಕ್ಕಿ ಮುಂದಿನದನ್ನು ಬರೆದರು. ಪುಸ್ತಕ 2014ರಲ್ಲಿ ಪ್ರಕಟವಾಯಿತು. ಅಕ್ಕನ ಬರಹ ಎಲ್ಲಿ ಮುಗಿದು ತಂಗಿಯದು ಎಲ್ಲಿ ಶುರುವಾಗುತ್ತದೆ ಎಂಬ ಗುರುತು ಪುಟಗಳಲ್ಲಿ ಎಲ್ಲೂ ಇಲ್ಲ.